ಕದನವಿರಾಮ ಇದ್ದರೂ ನಾಗಾಲ್ಯಾಂಡ್‌ನಲ್ಲಿ ‘ತೆರಿಗೆ’ ವಸೂಲಿ ನಿಂತಿಲ್ಲವೇಕೆ?

ಪ್ರಶ್ನೆ: ನಾಗಾ ಬಂಡುಕೋರರಿಗೂ ಕೇಂದ್ರ ಸರ್ಕಾರಕ್ಕೂ 1997ರಿಂದಲೇ ಕದನವಿರಾಮವಿದೆ. ಆದರೂ ವ್ಯಾಪಾರಿಗಳಿಗೆ ಬೆದರಿಕೆ, ಹಣ ವಸೂಲಿ ಎಂಬ ಸುದ್ದಿಗಳು ಬರುತ್ತಲೇ ಇವೆ. ಕದನವಿರಾಮ ಎಂದ ಮೇಲೆ ಇದೆಲ್ಲ ನಿಲ್ಲಬೇಕಲ್ಲವೇ? ಅಲ್ಲಿನ ಜನ ಇದನ್ನು ಹೇಗೆ ಸಹಿಸಿಕೊಂಡಿದ್ದಾರೆ?

ಉತ್ತರ: ಕದನವಿರಾಮಕ್ಕೆ ಒಪ್ಪುವವರು ಬಂದೂಕು ಹಿಡಿದ ಎರಡು ಪಕ್ಷದವರು. ಪರಸ್ಪರ ಗುಂಡು ಹಾರಿಸುವುದಿಲ್ಲ ಎಂಬುದು ಅವರ ಮಾತುಕತೆಯ ತಿರುಳು. ನಡುವೆ ನಿಂತ ಬರಿಗೈಯವನ ಪಾಡೇನು ಎಂಬುದು ನಿಯಮಗಳ ಪಟ್ಟಿಯಲ್ಲಿ ಕೆಳಗೆಲ್ಲೋ ಬರುತ್ತದೆ. ಹಾಗೆಂದು ನಾಗಾ ಕದನವಿರಾಮದಲ್ಲಿ ಆ ಮಾತೇ ಇಲ್ಲವೆಂದಲ್ಲ. 1997ರ ಆಗಸ್ಟ್ 1ರಂದು ಐಸಾಕ್ ಚಿಶಿ ಸ್ವೂ ಮತ್ತು ತುಯಿಂಗಲೆಂಗ್ ಮುಯಿವಾ ನೇತೃತ್ವದ ಬಂಡುಕೋರ ಸಂಘಟನೆ ಎನ್‌ಎಸ್‌ಸಿಎನ್ (ನ್ಯಾಷನಲ್ ಸೋಷಿಯಲಿಸ್ಟ್ ಕೌನ್ಸಿಲ್ ಆಫ್ ನಾಗಾಲ್ಯಾಂಡ್)ನ ಐಎಂ ಬಣದ ಜೊತೆ ಜಾರಿಗೆ ಬಂದ ಒಪ್ಪಂದದ ನಿಯಮಗಳ ಪ್ರಕಾರ ಬಂಡುಕೋರರು ಗೊತ್ತುಪಡಿಸಿದ ಶಿಬಿರಗಳಲ್ಲೇ ಇರಬೇಕು, ಶಿಬಿರದ ಹೊರಗೆ ಸಮವಸ್ತ್ರ ತೊಟ್ಟು ಶಸ್ತ್ರ ಹಿಡಿದು ಓಡಾಡಬಾರದು, ಬಲವಂತದಿಂದ ಹಣ ಎತ್ತಬಾರದು, ಯಾರನ್ನೂ ಬೆದರಿಸಬಾರದು.

ತೊಡಕು ಇರುವುದು ಪದದಲ್ಲಿ. ಸರ್ಕಾರ ಯಾವುದನ್ನು ಸುಲಿಗೆ ಎನ್ನುತ್ತದೋ ಅದನ್ನು ಸಂಘಟನೆ ತೆರಿಗೆ ಎನ್ನುತ್ತದೆ. 1947ರ ಆಗಸ್ಟ್ 14ರಂದು, ಭಾರತಕ್ಕಿಂತ ಒಂದು ದಿನ ಮೊದಲೇ, ನಾಗಾ ಜನರ ರಾಜಕೀಯ ಸಂಘಟನೆಯಾದ ನಾಗಾ ನ್ಯಾಷನಲ್ ಕೌನ್ಸಿಲ್ ಸ್ವಾತಂತ್ರ್ಯ ಘೋಷಿಸಿತ್ತು. ಆ ಪರಂಪರೆಯನ್ನು ತನ್ನದೆನ್ನುವ ಎನ್‌ಎಸ್‌ಸಿಎನ್ ತನ್ನನ್ನು ಒಂದು ಸರ್ಕಾರವೆಂದೇ ಭಾವಿಸುತ್ತದೆ. ಅದಕ್ಕೆ ಮಂತ್ರಿಗಳೂ ಖಾತೆಗಳೂ ಇವೆ, ಕೊಟ್ಟ ಹಣಕ್ಕೆ ರಸೀದಿಯೂ ಸಿಗುತ್ತದೆ. ಸರ್ಕಾರವೆಂದ ಮೇಲೆ ತೆರಿಗೆ ಎತ್ತುವುದು ಹಕ್ಕೇ ಹೊರತು ಅಪರಾಧವಲ್ಲ ಎಂಬ ವಾದದ ಮುಂದೆ ನಿಯಮದ ಕಾಗದ ಮಂಕಾಗಿಬಿಡುತ್ತದೆ. ಇಲ್ಲೊಂದು ವಿಚಿತ್ರವನ್ನೂ ಗಮನಿಸಬೇಕು: ಆದಾಯ ತೆರಿಗೆ ಕಾನೂನು ನಾಗಾಲ್ಯಾಂಡ್‌ನಂತಹ ರಾಜ್ಯಗಳ ಪರಿಶಿಷ್ಟ ಪಂಗಡದವರಿಗೆ ಅಲ್ಲಿ ಗಳಿಸಿದ ಆದಾಯದ ಮೇಲೆ ವಿನಾಯಿತಿ ಕೊಟ್ಟಿದೆ. ದೆಹಲಿಗೆ ಆದಾಯ ತೆರಿಗೆ ಕಟ್ಟಬೇಕಿಲ್ಲದ ನಾಗಾ ನೌಕರನೊಬ್ಬ ಭೂಗತ ಸಂಘಟನೆಗೆ ಮಾತ್ರ ಸಂಬಳದಲ್ಲಿ ಪಾಲು ಕೊಡುತ್ತಾನೆ.

ಪಾಲು ಒಬ್ಬರಿಗೇ ಆಗಿದ್ದರೆ ಅಸಮಾಧಾನ ಬಹುಶಃ ಇಷ್ಟು ಬೆಳೆಯುತ್ತಿರಲಿಲ್ಲ. 1980ರಲ್ಲಿ ಹುಟ್ಟಿದ ಎನ್‌ಎಸ್‌ಸಿಎನ್ 1988ರಲ್ಲಿ ಐಸಾಕ್–ಮುಯಿವಾ (ಐಎಂ) ಬಣ ಮತ್ತು ಇನ್ನೊಬ್ಬ ನಾಯಕ ಖಪ್ಲಾಂಗ್ ಅವರ ಬಣವಾಗಿ ಒಡೆಯಿತು. ಖಪ್ಲಾಂಗ್ ಬಣವೂ 2001ರಲ್ಲಿ ಕದನವಿರಾಮಕ್ಕೆ ಬಂದಿತು, 2015ರಲ್ಲಿ ಅದನ್ನು ಮುರಿಯಿತು. ಆ ವೇಳೆಗೆ ಅದರೊಳಗಿಂದಲೇ ಮತ್ತಷ್ಟು ಬಣಗಳು ಸಿಡಿದಿದ್ದವು. ಪ್ರತಿ ಒಡಕಿನೊಂದಿಗೆ ಹೊಸದೊಂದು ‘ಸರ್ಕಾರ’, ಹೊಸದೊಂದು ರಸೀದಿ ಪುಸ್ತಕ. ದಿಮಾಪುರದಿಂದ ಕೊಹಿಮಾದತ್ತ ಬೆಟ್ಟ ಹತ್ತುವ ಲಾರಿಯ ಚಾಲಕನ ಸ್ಥಿತಿಯನ್ನು ಊಹಿಸಿಕೊಳ್ಳಿ: ಒಂದು ಬಣದ ಚೀಟಿ ಜೇಬಿನಲ್ಲಿದ್ದರೂ ಮುಂದಿನ ತಿರುವಿನಲ್ಲಿ ನಿಂತ ಇನ್ನೊಂದು ಬಣಕ್ಕೆ ಅದು ಬರೀ ಕಾಗದ. ರಾಜ್ಯಕ್ಕೆ ಬೇಕಾದ ಸರಕಿನ ಬಹುಪಾಲು ದಿಮಾಪುರದ ಮೂಲಕವೇ ಒಳಗೆ ಬರುವುದರಿಂದ, ಅಲ್ಲಿ ವ್ಯಾಪಾರಿ ಕೊಟ್ಟದ್ದು ಕೊನೆಗೆ ದೂರದ ಹಳ್ಳಿಯ ಗಿರಾಕಿಯ ಬೆಲೆಗೆ ಸೇರಿಕೊಳ್ಳುತ್ತದೆ. ಯುದ್ಧದ ಕಾಲದಲ್ಲಿ ಕಾಡಿನಲ್ಲಿದ್ದವರಿಗೆ ಹಳ್ಳಿಗರು ಅಕ್ಕಿ ಕೊಟ್ಟದ್ದು ಬೇರೆ ಮಾತು. ಶಾಂತಿಯ ಕಾಲದಲ್ಲಿ ಪೇಟೆಯ ಅಂಗಡಿಗೆ ಬಂದು ಕೇಳುವುದು ಬೇರೆ. ಕದನವಿರಾಮ ಕಾರ್ಯಕರ್ತರನ್ನು ಸೇನೆಯ ಭಯದಿಂದ ಬಿಡಿಸಿತು, ಪೇಟೆಗೆ ಹತ್ತಿರ ತಂದಿತು, ಸಂಘಟನೆಯನ್ನು ನಡೆಸುವ ಖರ್ಚು ಮಾತ್ರ ಇಳಿಯಲಿಲ್ಲ.

ಪೊಲೀಸರೇನು ಮಾಡುತ್ತಾರೆ ಎಂದು ಕೇಳಬಹುದು. ಕದನವಿರಾಮ ಕೇಂದ್ರ ಸರ್ಕಾರ ಮತ್ತು ಬಂಡುಕೋರರ ನಡುವಿನದು. ಕಾನೂನು ಸುವ್ಯವಸ್ಥೆ ರಾಜ್ಯದ ಹೊಣೆ. ಈ ಎರಡರ ನಡುವಿನ ಸಂದಿಯಲ್ಲಿ ದೂರುಗಳು ಕಳೆದುಹೋಗುತ್ತವೆ. ಅದಕ್ಕಿಂತ ಮೊದಲು, ದೂರಿಗೆ ಹೆಸರು ಹಾಕುವ ಧೈರ್ಯ ಬೇಕು. ಹಣ ಕೇಳಿದವನು ಅದೇ ಊರಿನವನೋ ನಂಟನೋ ಆಗಿರುವ ಚಿಕ್ಕ ಸಮಾಜದಲ್ಲಿ ಅದು ಸುಲಭದ ಮಾತಲ್ಲ.

ಇನ್ನು ಜನ ಸಹಿಸಿಕೊಂಡಿದ್ದಾರೆಯೇ ಎಂಬ ಪ್ರಶ್ನೆ. ಬಹುಕಾಲ ಸಹಿಸಿದರು, 2013ರಲ್ಲಿ ಆ ಮೌನ ಎರಡು ಕಡೆ ಒಡೆಯಿತು. ಮೊದಲನೆಯದು ದಿಮಾಪುರದಲ್ಲಿ. ಭ್ರಷ್ಟಾಚಾರ ಮತ್ತು ಅಂಕೆಯಿಲ್ಲದ ತೆರಿಗೆಯ ವಿರುದ್ಧ ‘ಅಕಾಟ್’ ಎಂಬ ನಾಗರಿಕ ವೇದಿಕೆ ಹುಟ್ಟಿತು, ಅಕ್ಟೋಬರ್ 31ರಂದು ಅದು ಕರೆದ ಸಭೆಗೆ ನಗರದ ಗಡಿಯಾರ ಗೋಪುರದ ಬಳಿ ಸಾವಿರಾರು ಜನ ಸೇರಿದರು. ಬಂಡುಕೋರರನ್ನು ಹೆಸರಿಟ್ಟು ಟೀಕಿಸಲು ಮನೆಯೊಳಗೂ ದನಿ ತಗ್ಗಿಸುತ್ತಿದ್ದ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ‘ಒಂದೇ ಸರ್ಕಾರ, ಒಂದೇ ತೆರಿಗೆ’ ಎಂಬುದು ಅವರ ಘೋಷಣೆಯಾಗಿತ್ತು. ಅದರಲ್ಲಿ ಯಾವ ಸರ್ಕಾರ ಎಂಬ ಮಾತಿಲ್ಲ ಎಂಬುದನ್ನು ಗಮನಿಸಿ. ನಾಗಾ ರಾಜಕೀಯ ಬೇಡಿಕೆಯನ್ನು ಅದು ತಿರಸ್ಕರಿಸಲಿಲ್ಲ. ಆ ಬೇಡಿಕೆಯ ಹೆಸರಿನಲ್ಲಿ ಒಬ್ಬರಾದ ಮೇಲೊಬ್ಬರು ಕೈಚಾಚುವುದನ್ನು ಮಾತ್ರ ತಿರಸ್ಕರಿಸಿತು. ನನ್ನ ಎಣಿಕೆಯಲ್ಲಿ ಆ ಘೋಷಣೆಯ ಬಲವೆಲ್ಲ ಈ ಜಾಣ ಮೌನದಲ್ಲೇ ಇತ್ತು: ಅದನ್ನು ಕೂಗಿದವರನ್ನು ದ್ರೋಹಿಗಳೆಂದು ಕರೆಯುವುದು ಕಷ್ಟವಾಯಿತು.

ಎರಡನೆಯದು ಜುನ್ಹೆಬೊಟೊ ಜಿಲ್ಲೆಯಲ್ಲಿ, ಇನ್ನೂ ಉಗ್ರವಾಗಿ ನಡೆಯಿತು. ಡಿಸೆಂಬರ್ 21ರಂದು, ಕ್ರಿಸ್‌ಮಸ್‌ಗೆ ನಾಲ್ಕು ದಿನ ಮೊದಲು, ಪಯಣಿಸುತ್ತಿದ್ದ, ಸುಮಿ ಎಂಬ ನಾಗಾ ಬುಡಕಟ್ಟಿನ ಇಬ್ಬರು ಮಹಿಳೆಯರ ಮೇಲೆ ಎನ್‌ಎಸ್‌ಸಿಎನ್ (ಐಎಂ) ಶಸ್ತ್ರಧಾರಿಗಳು ದೌರ್ಜನ್ಯ ಎಸಗಿದರು. ಆರೋಪಿಗಳನ್ನು ಒಪ್ಪಿಸಬೇಕೆಂದು ಸಮುದಾಯದ ಪರಮೋಚ್ಚ ಸಂಸ್ಥೆಯಾದ ಸುಮಿ ಹೊಹೊ ಕೇಳಿತು. ಸಂಘಟನೆ ಹಾಗೆ ಒಪ್ಪಿಸಲಿಲ್ಲ. ಸಾವಿರಾರು ಜನ ಮುಕಲಿಮಿಯಲ್ಲಿದ್ದ ಸಂಘಟನೆಯ ಶಿಬಿರವನ್ನು ಸುತ್ತುವರಿದರು. ಗುಂಡು ಹಾರಿತು, ಸಾವುನೋವಾಯಿತು. ಕೊನೆಗೆ ಶಿಬಿರದವರು ಜಾಗ ಖಾಲಿ ಮಾಡಬೇಕಾಯಿತು, ಜನ ಅದಕ್ಕೆ ಬೆಂಕಿ ಇಟ್ಟರು. ಸಂಘಟನೆಯ ಆಗಿನ ಅಧ್ಯಕ್ಷ ಐಸಾಕ್ ಸ್ವೂ ಸ್ವತಃ ಸುಮಿ, ಅದೇ ಜಿಲ್ಲೆಯವರು ಎಂಬುದನ್ನು ನೆನಪಿಟ್ಟುಕೊಂಡರೆ ಈ ಬೆಂಕಿಯ ಬಿಸಿ ಎಷ್ಟೆಂದು ತಿಳಿಯುತ್ತದೆ. ಬಂಡುಕೋರರಿಗೆ ಹುಡುಗರನ್ನು, ಅನ್ನವನ್ನು, ಆಶ್ರಯವನ್ನು ಕೊಟ್ಟಿದ್ದ ಬುಡಕಟ್ಟಿನ ಕಟ್ಟುಗಳೇ ಈಗ ಅವರ ವಿರುದ್ಧ ಜನರನ್ನು ಕೂಡಿಸಿದ್ದವು. ಭಾರತೀಯ ಸೇನೆಯನ್ನು ದಶಕಗಳ ಕಾಲ ಎದುರಿಸಿದ ಸಂಘಟನೆಗೆ ಈ ಗುಂಪನ್ನು ‘ಶತ್ರು’ ಎನ್ನಲು ಬಾಯಿ ಬರುವಂತಿರಲಿಲ್ಲ.

ಅನಂತರ ಸರ್ಕಾರದ ಕಡೆಯಿಂದಲೂ ಖಾರವಾದ ಮಾತು ಬಂತು. 2020ರ ಜೂನ್‌ನಲ್ಲಿ ಆಗಿನ ರಾಜ್ಯಪಾಲ ಆರ್.ಎನ್. ರವಿ, ಶಸ್ತ್ರಸಜ್ಜಿತ ಗುಂಪುಗಳು ಸಮಾನಾಂತರ ಸರ್ಕಾರ ನಡೆಸುತ್ತಿವೆ ಎಂದು ಮುಖ್ಯಮಂತ್ರಿ ನೆಫ್ಯೂ ರಿಯೊ ಅವರಿಗೆ ಪತ್ರ ಬರೆದರು. ಅದೇ ರವಿ ಕೇಂದ್ರದ ಪರವಾಗಿ ಶಾಂತಿ ಮಾತುಕತೆಯನ್ನೂ ನಡೆಸುತ್ತಿದ್ದರು. ಎನ್‌ಎಸ್‌ಸಿಎನ್ (ಐಎಂ) ಕೆರಳಿತು, ಅವರನ್ನು ಮಾತುಕತೆಯಿಂದ ಬದಲಿಸಬೇಕೆಂದು ಪಟ್ಟು ಹಿಡಿಯಿತು. ಮರುವರ್ಷ ಅವರು ತಮಿಳುನಾಡಿಗೆ ಹೋದರು. ವಸೂಲಿಯನ್ನು ಬಿಗಿಯಾಗಿ ತಡೆದರೆ ಮಾತುಕತೆ ಮುರಿದೀತು ಎಂಬ ಅಳುಕು ದೆಹಲಿಗೆ ಸದಾ ಇದೆ, ಆ ಅಳುಕಿನ ಬೆಲೆಯನ್ನು ಕಟ್ಟುವವರು ದಿಮಾಪುರದ ಅಂಗಡಿಯವರು. 2007ರಲ್ಲಿ ಕದನವಿರಾಮವನ್ನು ಅನಿರ್ದಿಷ್ಟ ಅವಧಿಗೆ ವಿಸ್ತರಿಸಲಾಯಿತು. 2015ರ ಆಗಸ್ಟ್ 3ರಂದು ಕೇಂದ್ರ ಮತ್ತು ಎನ್‌ಎಸ್‌ಸಿಎನ್ (ಐಎಂ) ನಡುವೆ ಸಹಿಯಾದ, ಶಾಂತಿಯ ರೂಪುರೇಷೆಯಾದ ಚೌಕಟ್ಟು ಒಪ್ಪಂದ ಇನ್ನೂ ಅಂತಿಮ ಒಪ್ಪಂದವಾಗಿ ಮಾಗಿಲ್ಲ. ಕೊನೆಯ ದಿನಾಂಕವಿಲ್ಲದ ವಿರಾಮದಲ್ಲಿ ವಸೂಲಿಗೂ ಕೊನೆಯ ದಿನಾಂಕವಿರುವುದಿಲ್ಲ.

2024ರ ಏಪ್ರಿಲ್ ಕೊನೆಯ ವಾರ ಬೆದರಿಕೆ, ವಸೂಲಿಗೆ ಬೇಸತ್ತ ದಿಮಾಪುರದ ವ್ಯಾಪಾರಿಗಳು ಅಂಗಡಿಗಳ ಬಾಗಿಲು ಎಳೆದರು. ಬಂಡುಕೋರರು ಬಂದ್ ಕರೆದಾಗ ಮುಚ್ಚುವುದು ಅವರಿಗೆ ರೂಢಿಯಾಗಿತ್ತು. ಈ ಸಲ ಷಟರ್ ಇಳಿದದ್ದು ಬಂಡುಕೋರರ ವಿರುದ್ಧವೇ.