ಜೋ ಪಟೆರ್ನೊ ಪ್ರತಿಮೆ ಹೋಯಿತು, ಗ್ರಂಥಾಲಯದ ಹೆಸರು ಉಳಿಯಿತು: ಏಕೆ?

ಪ್ರಶ್ನೆ: ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಕೋಚ್ ಜೋ ಪಟೆರ್ನೊ ಅವರ ಪ್ರತಿಮೆಯನ್ನು ತೆಗೆಸಿತು. ಆದರೆ ಅಲ್ಲಿನ ಗ್ರಂಥಾಲಯಕ್ಕೆ ಈಗಲೂ ಅವರದೇ ಹೆಸರಿದೆ. ಒಂದು ಬೇಡವಾದರೆ ಇನ್ನೊಂದೇಕೆ ಬೇಕು?

ಉತ್ತರ: ಎರಡೂ ಒಂದೇ ಬಗೆಯ ಗೌರವವಲ್ಲ. ಅದು ತಿಳಿಯಬೇಕಾದರೆ ಮೊದಲು ಆ ಪ್ರತಿಮೆ ಹೇಗಿತ್ತು ಎಂದು ನೋಡಬೇಕು.

ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಬೀವರ್ ಕ್ರೀಡಾಂಗಣದ ಹೊರಗೆ ಅದು ನಿಂತಿತ್ತು. ಸುಮಾರು ಏಳು ಅಡಿ ಎತ್ತರದ ಕಂಚಿನ ಪಟೆರ್ನೊ, ದಪ್ಪ ಕನ್ನಡಕ ಧರಿಸಿ, ಒಂದು ಬೆರಳನ್ನು ಮೇಲೆತ್ತಿ ಓಡುತ್ತಿದ್ದಾರೆ. ಹಿಂದಿನ ಗೋಡೆಯಲ್ಲಿ ಅವರನ್ನು ಹಿಂಬಾಲಿಸುವ ಆಟಗಾರರು. ಪಕ್ಕದಲ್ಲಿ ಮೂರು ಬಿರುದುಗಳು: ಶಿಕ್ಷಕ, ಕೋಚ್, ಮಾನವತಾವಾದಿ. ‘ಇವರ ಹಿಂದೆ ನಡೆಯಿರಿ’ ಎಂದು ಪ್ರತಿ ವಿದ್ಯಾರ್ಥಿಗೂ ಹೇಳುವಂತಿತ್ತು ಆ ಭಂಗಿ.

ಅದನ್ನು ನಿಲ್ಲಿಸಿದ್ದು 2001ರಲ್ಲಿ, ಪಟೆರ್ನೊ ಇನ್ನೂ ತಂಡವನ್ನು ನಡೆಸುತ್ತಿದ್ದಾಗಲೇ. ಆ ಅಕ್ಟೋಬರ್‌ನಲ್ಲಿ ಅವರು 324ನೇ ಗೆಲುವು ಸಾಧಿಸಿ, ಅಲಬಾಮಾದ ಕೋಚ್ ಬೇರ್ ಬ್ರಯಂಟ್ ಅವರ ಗೆಲುವಿನ ದಾಖಲೆಯನ್ನು ದಾಟಿದ್ದರು. ಅದೇ ವರ್ಷದ ಆರಂಭದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಮಾಜಿ ಸಹಾಯಕ ಕೋಚ್ ಜೆರ್ರಿ ಸ್ಯಾಂಡಸ್ಕಿ ಸ್ನಾನಗೃಹದಲ್ಲಿ ಒಬ್ಬ ಬಾಲಕನೊಂದಿಗೆ ಇದ್ದುದನ್ನು ಕಂಡ ಕಿರಿಯ ಸಹಾಯಕನೊಬ್ಬ ಬಂದು ಪಟೆರ್ನೊ ಅವರಿಗೆ ತಿಳಿಸಿದ್ದ. ಅವರು ಮೇಲಧಿಕಾರಿಗೆ ವಿಷಯ ಮುಟ್ಟಿಸಿದರು. ಪೊಲೀಸರಿಗೆ ದೂರು ಹೋಗಲಿಲ್ಲ. ಈ ಎರಡೂ ಒಂದೇ ವರ್ಷದವು ಎಂಬುದನ್ನು ನೆನೆದರೆ ನನಗೆ ಇಂದಿಗೂ ಮೈ ನಡುಗುತ್ತದೆ.

ಹತ್ತು ವರ್ಷ ಕಳೆದ ಮೇಲೆ, 2011ರ ನವೆಂಬರ್‌ನಲ್ಲಿ ಸ್ಯಾಂಡಸ್ಕಿಯ ಬಂಧನವಾಯಿತು. ಕೆಲವೇ ದಿನಗಳಲ್ಲಿ ಪಟೆರ್ನೊ ಅವರನ್ನು ಕೆಲಸದಿಂದ ತೆಗೆದರು. ಇನ್ನೂ ಹೆಚ್ಚು ಮಾಡಬೇಕಿತ್ತು ಎಂದು ಅವರೇ ಆಗ ಹೇಳಿಕೊಂಡರು. 2012ರ ಜನವರಿಯಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಮೇಲೆ ಮೊಕದ್ದಮೆ ಹೂಡಿರಲಿಲ್ಲ. ಬಾಲಕರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಪ್ರಕರಣದಲ್ಲಿ ಸ್ಯಾಂಡಸ್ಕಿಯ ಮೇಲಿನ 45 ಆರೋಪಗಳು ಸಾಬೀತಾದವು. ವಿಶ್ವವಿದ್ಯಾಲಯವೇ ತನಿಖೆಗೆ ನೇಮಿಸಿದ್ದ, ಎಫ್‌ಬಿಐನ ಮಾಜಿ ಮುಖ್ಯಸ್ಥ ಲೂಯಿಸ್ ಫ್ರೀ ಅವರ ವರದಿ ಜುಲೈನಲ್ಲಿ ಬಂದು, ಪಟೆರ್ನೊ ಸೇರಿದಂತೆ ಹಿರಿಯರು ವಿಷಯವನ್ನು ಮುಚ್ಚಿಟ್ಟರು ಎಂದಿತು. ಕುಟುಂಬ ಅದನ್ನು ಒಪ್ಪಲಿಲ್ಲ.

2012ರ ಜುಲೈ 22, ಭಾನುವಾರ ಬೆಳಿಗ್ಗೆ ಕೆಲಸಗಾರರು ಸುತ್ತ ಬೇಲಿ ಕಟ್ಟಿ, ಪ್ರತಿಮೆಯನ್ನು ಪೀಠದಿಂದ ಕಿತ್ತು, ಯಂತ್ರದ ಮೇಲೆ ಹೊತ್ತು ಕ್ರೀಡಾಂಗಣದೊಳಕ್ಕೆ ಒಯ್ದರು. ಅದು ಒಡಕಿಗೆ ಕಾರಣವಾಗಿದೆ, ಗಾಯ ಮಾಯಲು ಅಡ್ಡಿಯಾಗಿದೆ ಎಂಬುದು ಆಗಿನ ಅಧ್ಯಕ್ಷ ರಾಡ್ನಿ ಎರಿಕ್‌ಸನ್ ಕೊಟ್ಟ ಕಾರಣ. ಗ್ರಂಥಾಲಯದ ಹೆಸರು ಉಳಿಯುತ್ತದೆ ಎಂದೂ ಅವರೇ ಹೇಳಿದರು. ಪಟೆರ್ನೊ ದಂಪತಿ ವಿಶ್ವವಿದ್ಯಾಲಯಕ್ಕೆ ನಲವತ್ತು ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟಿದ್ದರು, ಗ್ರಂಥಾಲಯಕ್ಕಾಗಿ ಓಡಾಡಿ ಹಣ ಕೂಡಿಸಿದ್ದರು. ಆ ಹೆಸರು ಕೊಟ್ಟವರ ಋಣವನ್ನು ಹೇಳುತ್ತದೆ. ಪ್ರತಿಮೆ ಮನುಷ್ಯನನ್ನೇ ಆದರ್ಶವೆಂದು ಎತ್ತಿ ಹಿಡಿಯುತ್ತದೆ. ಸ್ಯಾಂಡಸ್ಕಿಯ ಕೈಗೆ ಸಿಕ್ಕಿದ್ದ ಹುಡುಗರಲ್ಲೊಬ್ಬ ಬೆಳೆದು ದೊಡ್ಡವನಾಗಿ ಆ ‘ಮಾನವತಾವಾದಿ’ ಎಂಬ ಪದದ ಮುಂದೆ ಹಾದುಹೋಗಬೇಕಿತ್ತೇ? ತೆಗೆದದ್ದೇ ಸರಿ ಎಂದು ನಾನು ನಂಬುತ್ತೇನೆ.

ಪ್ರತಿಮೆ ತೆಗೆದ ಮರುದಿನ, ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎ ವಿಶ್ವವಿದ್ಯಾಲಯಕ್ಕೆ ಆರು ಕೋಟಿ ಡಾಲರ್ ದಂಡ ಹಾಕಿ, ಪಟೆರ್ನೊ ಅವರ 111 ಗೆಲುವುಗಳನ್ನು ದಾಖಲೆಯಿಂದ ಅಳಿಸಿತು. 2015ರಲ್ಲಿ ಆ ಗೆಲುವುಗಳು ಮರಳಿದವು, ಅವರ ಲೆಕ್ಕ ಮತ್ತೆ 409 ಆಯಿತು. ಪ್ರತಿಮೆ ಮಾತ್ರ ಮರಳಲಿಲ್ಲ.