ಪಿರಮಿಡೆನ್: ಚಳಿ ಕಾಪಾಡಿದ ಖಾಲಿ ಊರು

ನಾರ್ವೆಯ ಉತ್ತರಕ್ಕೆ ಸಮುದ್ರ ದಾಟಿದರೆ ಸ್ವಾಲ್ಬಾರ್ಡ್ ದ್ವೀಪಗಳು. ಬೇಸಿಗೆಯಲ್ಲಿ ಅಲ್ಲಿನ ಮುಖ್ಯ ಊರಿನಿಂದ ದೋಣಿ ಹತ್ತಿ, ಕೆಲವು ಗಂಟೆ ಹೋದರೆ ಪಿರಮಿಡೆನ್. ಜೊತೆಗೆ ಬರುವ ಗೈಡ್ ಕೈಯಲ್ಲಿ ಬಂದೂಕು ಇರುತ್ತದೆ, ಹಿಮಕರಡಿ ಯಾವ ಮನೆಯ ಹಿಂದಿನಿಂದ ಬರುತ್ತದೋ ಯಾರಿಗೆ ಗೊತ್ತು!

ಇದು ಕಲ್ಲಿದ್ದಲು ಗಣಿಯ ಊರು. 1910ರಲ್ಲಿ ಸ್ವೀಡನ್ನಿನವರು ಶುರು ಮಾಡಿದರು, 1927ರಲ್ಲಿ ಸೋವಿಯತ್ ಒಕ್ಕೂಟ ಕೊಂಡುಕೊಂಡಿತು. 1980ರ ದಶಕದಲ್ಲಿ ಇಲ್ಲಿ ಸಾವಿರಕ್ಕೂ ಜಾಸ್ತಿ ಜನ ಇದ್ದರು. ಬಿಸಿನೀರಿನ ಈಜುಕೊಳ, ಸಿನಿಮಾ ಹಾಲ್, ಪಿಯಾನೊ, ಮಕ್ಕಳಿಗೆ ಶಾಲೆ, ಎಲ್ಲವೂ ಇತ್ತು. ಹುಲ್ಲು ಬೆಳೆಸಲೆಂದು ಹಡಗಿನಲ್ಲಿ ಮಣ್ಣು ತಂದು ಹಾಕಿದ್ದರು. ಆಮೇಲೆ ಸೋವಿಯತ್ ಒಕ್ಕೂಟವೇ ಒಡೆದು ಹೋಯಿತು, ಕಲ್ಲಿದ್ದಲಿನಿಂದ ನಷ್ಟ. 1996ರಲ್ಲಿ ಗಣಿ ಕೆಲಸಗಾರರು ಮತ್ತು ಅವರ ಮನೆಯವರು ಬರುತ್ತಿದ್ದ ವಿಮಾನ ಬೆಟ್ಟಕ್ಕೆ ಅಪ್ಪಳಿಸಿ 141 ಜನರೂ ಸತ್ತರು. 1998ರಲ್ಲಿ ಗಣಿ ಮುಚ್ಚಿತು, ಊರು ಖಾಲಿಯಾಯಿತು. ಈಗ ಇರುವುದು ಬೆರಳೆಣಿಕೆಯ ಕಾವಲಿನವರು ಮತ್ತು ಚೌಕದಲ್ಲಿ ಹಿಮನದಿಯ ಕಡೆ ಮುಖ ಮಾಡಿ ನಿಂತ ಲೆನಿನ್ ಪ್ರತಿಮೆ.

ಇಷ್ಟು ವರ್ಷ ಆದರೂ ಊರು ಯಾಕೆ ಕುಸಿದಿಲ್ಲ? ನಮ್ಮ ಕಡೆ ಮನೆ ಬಿಟ್ಟು ಎರಡು ಮಳೆಗಾಲ ಕಳೆದರೆ ಸಾಕು, ತೊಲೆಗೆ ಗೆದ್ದಲು, ಗೋಡೆಗೆ ಪಾಚಿ. ಮರ ಕೊಳೆಯಬೇಕಾದರೆ ಶಿಲೀಂಧ್ರ ಬೇಕು, ಅದಕ್ಕೆ ತೇವ ಮತ್ತು ಬಿಸುಪು ಎರಡೂ ಬೇಕು. ಸ್ವಾಲ್ಬಾರ್ಡ್‌ನಲ್ಲಿ ವರ್ಷದ ಹೆಚ್ಚು ಕಾಲ ಎಲ್ಲವೂ ಹೆಪ್ಪುಗಟ್ಟಿರುತ್ತದೆ. ಹಿಮ ಕಂಡು ನಾವು ಒದ್ದೆ ಜಾಗ ಅಂದುಕೊಳ್ಳುತ್ತೇವೆ, ಆದರೆ ಗಾಳಿಯಲ್ಲಿ ತೇವ ಕಡಿಮೆ, ಮಳೆ ಹಿಮ ಸೇರಿದರೂ ಬೀಳುವ ನೀರು ಅಷ್ಟಕ್ಕಷ್ಟೇ. ಗೆದ್ದಲಂತೂ ಇಲ್ಲವೇ ಇಲ್ಲ. ಹಾಗಾಗಿ ಮರ, ಬಣ್ಣ, ಪುಸ್ತಕ ಎಲ್ಲವೂ ನಿಧಾನವಾಗಿ ಹಳೆಯದಾಗುತ್ತವೆ. ಮನೆಗಳ ಕಿಟಕಿ ಅಂಚುಗಳನ್ನು ಮಾತ್ರ ಕಡಲಹಕ್ಕಿಗಳು ಹಿಡಿದುಕೊಂಡಿವೆ. ಕಡಿದಾದ ಬಂಡೆಯಲ್ಲಿ ಗೂಡು ಕಟ್ಟುವ ಜಾತಿ ಅದು, ಅದರ ಪಾಲಿಗೆ ನಾಲ್ಕು ಮಹಡಿಯ ಇಟ್ಟಿಗೆ ಕಟ್ಟಡವೂ ಒಂದು ಬಂಡೆಯೇ ಅಲ್ವಾ.

ಊರು ನಿಂತಿರುವುದು ಪರ್ಮಾಫ್ರಾಸ್ಟ್ ಮೇಲೆ, ಅಂದರೆ ವರ್ಷವಿಡೀ ಕಲ್ಲಿನಂತೆ ಹೆಪ್ಪುಗಟ್ಟಿರುವ ನೆಲ. ಬೇಸಿಗೆಯಲ್ಲಿ ಮೇಲಿನ ಪದರ ಮಾತ್ರ ಕರಗುತ್ತದೆ. ಬಿಸಿನೀರಿನ ಪೈಪುಗಳನ್ನು ನೆಲದ ಮೇಲೆಯೇ ಮರದ ಪೆಟ್ಟಿಗೆಯೊಳಗೆ ಎಳೆದಿರುವುದು ಅದಕ್ಕೇ. ಹೂತಿದ್ದರೆ ಅದರ ಬಿಸಿಗೆ ಮಣ್ಣು ಕರಗಿ ಕುಸಿಯುತ್ತಿತ್ತು. ಈಗ ಆ ಕೆಲಸವನ್ನು ಹವೆಯೇ ಮಾಡುತ್ತಿದೆ. ಭೂಮಿಯ ಮೇಲೆ ಅತಿ ವೇಗವಾಗಿ ಬಿಸಿಯಾಗುತ್ತಿರುವ ಜಾಗಗಳಲ್ಲಿ ಸ್ವಾಲ್ಬಾರ್ಡ್ ಒಂದು. ಇದೇ ದ್ವೀಪದ ನ್ಯೂ ಓಲೆಸುಂಡ್ ಕೂಡ ಹಿಂದೆ ಗಣಿಯ ಊರೇ, ಈಗ ವಿಜ್ಞಾನಿಗಳ ಊರು. ಅಲ್ಲಿ 2008ರಿಂದ ಭಾರತದ ಹಿಮಾದ್ರಿ ಕೇಂದ್ರವೂ ಇದೆ, ಹಿಮನದಿ ಮತ್ತು ಹವಾಮಾನದ ಬದಲಾವಣೆಯನ್ನು ಅಳೆಯುತ್ತದೆ.

ನನ್ನನ್ನು ಜಾಸ್ತಿ ಕಾಡುವುದು ಆ ಕಲ್ಲಿದ್ದಲು. ಎತ್ತರದ ಮರಗಳೇ ಇಲ್ಲದ ಜಾಗಕ್ಕೆ ಅದು ಬಂದದ್ದು ಎಲ್ಲಿಂದ? ಅದು 30 ಕೋಟಿ ವರ್ಷಕ್ಕೂ ಹಳೆಯದು. ಆ ಕಾಲದಲ್ಲಿ ಈ ನೆಲ ಧ್ರುವದಿಂದ ಬಹಳ ದೂರ, ದಕ್ಷಿಣದ ಬೆಚ್ಚನೆಯ ಭಾಗದಲ್ಲಿತ್ತು, ಅಲ್ಲಿ ದಟ್ಟ ಜೌಗು ಕಾಡು. ಅದರ ಮರಗಳೇ ಹೂತು, ಒತ್ತಿ, ಕಲ್ಲಿದ್ದಲಾದವು. ನೆಲವನ್ನು ಹೊತ್ತ ಫಲಕ, ಅಂದರೆ ಭೂಮಿಯ ಹೊರಪದರದ ದೊಡ್ಡ ತುಂಡು, ವರ್ಷಕ್ಕೆ ಕೆಲವೇ ಸೆಂಟಿಮೀಟರ್‌ನಂತೆ ಸರಿದು ಇಲ್ಲಿಗೆ ಬಂತು. ಪಿರಮಿಡೆನ್ ಹತ್ತಿರದ ಕಣಿವೆಯಲ್ಲಿ ಇನ್ನೂ ಹಳೆಯ, ಸುಮಾರು 38 ಕೋಟಿ ವರ್ಷ ಹಿಂದಿನ ಕಾಡಿನ ಬುಡಗಳು ನಿಂತಲ್ಲೇ ಕಲ್ಲಾಗಿವೆ. ಇವತ್ತು ಅಲ್ಲಿ ಮರದ ಜಾತಿ ಅಂತ ಮುಖ್ಯವಾಗಿ ಇರುವುದು ಪೋಲಾರ್ ವಿಲ್ಲೋ. ನೆಲಕ್ಕೆ ಅಂಟಿಕೊಂಡೇ ಹಬ್ಬುತ್ತದೆ, ಎತ್ತರ ನಾಲ್ಕು ಬೆರಳು.