ಹೆಪ್ಪಿನಂತೆ ಇಳಿಯುವ ಮೌನ

ಶಿಡ್ಲಘಟ್ಟದ ಕಡೆ ರೇಷ್ಮೆ ಬಿತ್ತನೆ ಕೋಠಿಯಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಸುಮ್ನೆ ಬಿಸಾಡುವುದಿಲ್ಲ. ಅದನ್ನು ಅರೆದು, ಒಂದು ತೊಟ್ಟು ರಸವನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಗಂಟು ರೋಗದ ಕಣ ಕಂಡರೆ ಅದರ ಮೊಟ್ಟೆಯೆಲ್ಲ ನಾಶ. ತಾಯಿಯ ರೋಗ ಮೊಟ್ಟೆಗೂ ಇಳಿಯುತ್ತದೆ ಅಂತ 1860ರ ದಶಕದಲ್ಲಿ ಈ ದಾರಿ ತೋರಿಸಿದ್ದು ಲೂಯಿ ಪಾಶ್ಚರ್.

ತಾಯಿಯಿಂದ ಜೀನ್ ಬರುತ್ತದೆ, ರೋಗವೂ ಬರಬಹುದು. 'ಈ ಜೀನ್ ಸುಮ್ಮನಿರಲಿ' ಅನ್ನುವ ಅಪ್ಪಣೆಯೂ ಬರುತ್ತದೆಯೇ?

ಸುಳಿವು ಸಿಕ್ಕಿದ್ದು ಹೂವಿನಲ್ಲಿ. ಪೆಟೂನಿಯಾದ ನೇರಳೆ ಬಣ್ಣ ಗಾಢವಾಗಲಿ ಅಂತ ಅಮೆರಿಕದವರು ಬಣ್ಣದ ಜೀನಿನ ಇನ್ನೊಂದು ಪ್ರತಿ ಸೇರಿಸಿದರು. ಬಿಳಿ ಹೂ ಬಿಟ್ಟಿತು! 1990ರಲ್ಲಿ ವರದಿಯಾದ ಈ ಒಗಟನ್ನು ಬಿಡಿಸುವ ದಾರಿ ತೆರೆದದ್ದು 1998ರಲ್ಲಿ. ಆಂಡ್ರ್ಯೂ ಫೈರ್, ಕ್ರೇಗ್ ಮೆಲೊ ತಂಡ ಸಿ. ಎಲೆಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳಕ್ಕೆ ಎರಡೆಳೆಯ ಆರ್‌ಎನ್‌ಎ ಚುಚ್ಚಿತು. ಅದಕ್ಕೆ ಹೊಂದುವ ಜೀನ್ ಮೌನವಾಯಿತು. ಮರಿಗಳಲ್ಲೂ ಮೌನ! 2006ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಒಳಗೆ ಆಗುವುದು ಇಷ್ಟು. ಜೀನ್ ತನ್ನ ಕೆಲಸವನ್ನು ಆರ್‌ಎನ್‌ಎ ಚೀಟಿಯಲ್ಲಿ ಬರೆದು ಕಳಿಸುತ್ತದೆ. ಡೈಸರ್ ಎಂಬ ಕಿಣ್ವ ಎರಡೆಳೆಯ ಆರ್‌ಎನ್‌ಎಯನ್ನು ಹುರುಳಿಕಾಯಿ ಹೆಚ್ಚಿದಂತೆ ಇಪ್ಪತ್ತು ಚಿಲ್ಲರೆ ಅಕ್ಷರದ ತುಂಡು ಮಾಡುತ್ತದೆ. ಆ ತುಂಡು ತನಗೆ ಹೊಂದುವ ಚೀಟಿ ಹುಡುಕಿ ಹರಿದುಹಾಕಿಸುತ್ತದೆ.

ಮರಿಯಿಂದ ಮರಿಗೆ ಹೋದಂತೆ ತುಂಡುಗಳು ತೆಳುವಾಗಿ ಮುಗಿದುಹೋಗಬೇಕಲ್ವಾ? ಈ ಹುಳದಲ್ಲಿ ಅಷ್ಟು ಬೇಗ ಹಾಗಾಗುವುದಿಲ್ಲ. ಅದರಲ್ಲಿ ಆರ್‌ಎನ್‌ಎಯನ್ನೇ ಮತ್ತೆ ನಕಲು ಮಾಡುವ ಕಿಣ್ವವಿದೆ. ನಿನ್ನೆಯ ಮೊಸರಿನ ಒಂದು ಚಮಚ ಹೆಪ್ಪು ಇವತ್ತಿನ ಪಾತ್ರೆಯನ್ನೆಲ್ಲ ಮೊಸರು ಮಾಡಿದಂತೆ. ಡಿಎನ್‌ಎಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಸಾಮಾನ್ಯವಾಗಿ ಈ ಹೆಪ್ಪು ಕೆಲವು ತಲೆಮಾರಿಗೆ ಸತ್ತುಹೋಗುತ್ತದೆ. ಆದರೆ ಪೈ-ಆರ್‌ಎನ್‌ಎ ಎಂಬ ಬಗೆಯ ಪುಟ್ಟ ಆರ್‌ಎನ್‌ಎಯಿಂದ ಶುರುವಾದ ಮೌನ 20ಕ್ಕೂ ಜಾಸ್ತಿ ತಲೆಮಾರು ಉಳಿದದ್ದನ್ನು 2012ರಲ್ಲಿ ಕಂಡರು. ಹುಳಕ್ಕೆ ಒಂದು ತಲೆಮಾರು ಅಂದರೆ ಮೂರ್ನಾಲ್ಕು ದಿನ, ಅಷ್ಟೇ.

ಅಜ್ಜನ ಕಷ್ಟ ಮೊಮ್ಮಗನ ಜೀನಿಗೂ ಇಳಿಯುತ್ತದೆ ಅನ್ನುವವರು ಈ ಹುಳವನ್ನೇ ಸಾಕ್ಷಿಗೆ ಕರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹುಳದಲ್ಲಿರುವ ಆ ನಕಲು ಕಿಣ್ವ ಮನುಷ್ಯರಲ್ಲಿಲ್ಲ.

ರೇಷ್ಮೆ ಹುಳುವಿನ ಕಥೆ ಬೇರೆ. ಅಲ್ಲಿ ತಲೆಮಾರು ದಾಟುವುದು ಮಾಮೂಲಿ ಡಿಎನ್‌ಎ. ಆದರೆ ಮೌನ ಮಾಡಿಸುವುದು ಪುಟ್ಟ ಆರ್‌ಎನ್‌ಎಯೇ. ತಾಯಿ ಮಗಳಿಗೆ ಮಾತ್ರ ಕೊಡುವ ಡಬ್ಲ್ಯೂ ಕ್ರೋಮೋಸೋಮಿನಿಂದ ಹೊರಡುವ ಒಂದು ಪೈ-ಆರ್‌ಎನ್‌ಎ, ಗಂಡಾಗಿಸುವ ಜೀನಿನ ಬಾಯಿ ಮುಚ್ಚಿಸುತ್ತದೆ; ಮರಿ ಹೆಣ್ಣಾಗುತ್ತದೆ. ಜಪಾನಿನವರು ಇದನ್ನು 2014ರಲ್ಲಿ ತೋರಿಸಿದರು. ಕೋಠಿಯಲ್ಲಿ ಹೆಂಗಸರು ಗೂಡು ಕೊಯ್ದು, ಪ್ಯೂಪಾದ ಹಿಂತುದಿಯ ಗೆರೆ ನೋಡಿ, ಹೆಣ್ಣು ಈ ತಟ್ಟೆಗೆ, ಗಂಡು ಆ ತಟ್ಟೆಗೆ ಅಂತ ಸರಸರ ಹಾಕುತ್ತಿರುತ್ತಾರೆ.